ಕುಂಟಲು ಒಪ್ಪದ ಮಾಸ್ತರರು

ಕೀಲಿನೊಳಗೆ ರಕ್ತ ಇಳಿದ ದಿನ ಮಾಸ್ತರರ ಎಡ ಮೊಣಕಾಲು ತೆಂಗಿನಕಾಯಿಯಷ್ಟು ಊದಿ, ಪ್ಯಾಂಟಿನ ಬಟ್ಟೆ ಅಲ್ಲಿ ಬಿಗಿದು ಹೊಳೆಯುತ್ತಿತ್ತು. ಕೆಲವು ದಿನ ಕಳೆದರೆ ಊತ ಇಳಿಯುತ್ತಿತ್ತು. ಆಗ ನೋಡಿದವರಿಗೆ ಅವರು ಗಟ್ಟಿಮುಟ್ಟಾದ ಮನುಷ್ಯ.

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಅವರು ಮಾರ್ಕಿಂಗ್ ಮಾಸ್ತರರು. ಮೇಜಿನ ಮೇಲೆ ಹಾಸಿದ ಬಟ್ಟೆಗೆ ಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುವುದು ಅವರ ಕೆಲಸ, ಕತ್ತರಿಸುವುದು ಬೇರೆಯವರದು. "ಕತ್ತರಿಗೂ ನನಗೂ ಮಾತು ಬಿಟ್ಟೈತಿ" ಎಂದು ನಗುತ್ತಿದ್ದರು. ಬ್ಲೇಡಿಗೆ ಅಂಜಿ ಗಡ್ಡ ಬಿಟ್ಟಿದ್ದರು.

ಸಿರುಗುಪ್ಪ ಕಡೆಯ ಕರೂರಿನಿಂದ ಬಂದ ನಾನು ಅಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದ್ದೆ. ಮೂರನೆಯ ದಿನ ಬೆರಳಿಗೆ ಆದ ಸಣ್ಣ ಗಾಯ ಮಧ್ಯಾಹ್ನವಾದರೂ ಸೋರುತ್ತಲೇ ಇತ್ತು. ಕೆಲಸ ಹೋದೀತೆಂದು ಕೈ ಬಚ್ಚಿಟ್ಟುಕೊಂಡಿದ್ದೆ. ಮಾಸ್ತರರು ನೋಡಿದವರೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ರಕ್ತ ಪರೀಕ್ಷೆ ಆದ ಮೇಲೆ, "ತಮ್ಮಾ, ನಿನಗೂ ನನ್ನ ಬ್ಯಾನಿನೇ ಐತಿ" ಎಂದರು. ರಕ್ತ ಹೆಪ್ಪುಗಟ್ಟದ, ಕೀಲುಗಳೊಳಗೆ ಸೋರಿ ಅವನ್ನು ತಿಂದುಹಾಕುವ ನನ್ನ ರೋಗದ ಹೆಸರು ಹಿಮೋಫಿಲಿಯಾ ಎಂದು ತಿಳಿದದ್ದು ಅಂದು. ಊರಿನಲ್ಲಿ ಅದುವರೆಗೆ ಅದನ್ನು ಕೆಟ್ಟ ದೃಷ್ಟಿ ತಾಗಿದ್ದು ಎನ್ನುತ್ತಿದ್ದರು.

ನಮ್ಮ ರೋಗವೂ ಅಂಗವಿಕಲರ ಕಾನೂನಿನಲ್ಲಿದೆ ಎಂದು ಹೇಳಿ, ಅಂಗವಿಕಲರ ಪ್ರಮಾಣಪತ್ರಕ್ಕೆ ತಮ್ಮ ಅರ್ಜಿಯ ಜೊತೆ ನನ್ನದನ್ನೂ ಅವರೇ ಹಾಕಿಸಿದರು. ಅಲ್ಲಿಂದ ಶುರುವಾದದ್ದನ್ನು ನೆನೆದರೆ ಈಗಲೂ ಉಗುಳಬೇಕೆನಿಸುತ್ತದೆ. ಗುಮಾಸ್ತನೊಬ್ಬ ನಮ್ಮ ಫೋಟೋಗಳನ್ನು ಮೇಜಿನಾಚೆ ತಳ್ಳಿ, "ಇದರಾಗ ಅಂಗವಿಕಲತೆ ಎಲ್ಲೈತಿ? ಕಾಣಂಗ ತೆಗೆಸ್ಕೊಂಡು ಬರ್ರಿ" ಎಂದ.

"ರಕ್ತದಾಗ ಐತ್ರಿ. ಯಾವ ಸ್ಟುಡಿಯೋದಾಗ ತೆಗೀತಾರ ಹೇಳ್ರಿ, ಹೋಗ್ತೀವಿ" ಎಂದರು ಮಾಸ್ತರರು.

ಅವನು ಅರ್ಜಿಗಳಿಗೆ ಮುದ್ರೆ ಒತ್ತಿ ಪಕ್ಕಕ್ಕಿಟ್ಟ.

ಮೆಡಿಕಲ್ ಬೋರ್ಡ್ ಕರೆದ ದಿನ ಇಬ್ಬರ ಮೊಣಕಾಲೂ ಊತವಿಲ್ಲದೆ ಇದ್ದವು. ಆಸ್ಪತ್ರೆ ಎದುರಿನ ಝೆರಾಕ್ಸ್ ಅಂಗಡಿಯವನು ಹಲ್ಲು ಕಿರಿದು, "ಒಳಗ ನೆಟ್ಟಗ ನಡದ್ರ ನಲವತ್ತು ಪರ್ಸೆಂಟ್ ದಾಟಂಗಿಲ್ಲ. ಕಾಲು ಎಳಕೊಂತ ನಡೀರಿ" ಎಂದು ಕಲಿಸಿಕೊಟ್ಟ. ಅಂಗವಿಕಲತೆ ನಲವತ್ತು ಮುಟ್ಟದಿದ್ದರೆ ಪಿಂಚಣಿ ಇಲ್ಲ.

ಮೊದಲು ಮಾಸ್ತರರನ್ನು ಕರೆದರು. ಬಾಗಿಲ ಬಳಿ ನಿಂತ ನನಗೆ ಎಲ್ಲ ಕಾಣುತ್ತಿತ್ತು. ಡಾಕ್ಟರು ಫೋನಿನಲ್ಲಿ ಮಾತಾಡುತ್ತಲೇ, ನಡೆದು ತೋರಿಸು ಎಂದು ಬೆರಳು ಮಾಡಿದರು. ಮಾಸ್ತರರು ಗೋಡೆಯವರೆಗೆ ನೆಟ್ಟಗೆ ನಡೆದು ಬಂದು, ಎಕ್ಸ್‌ರೇ ಮುಂದಿಟ್ಟು, "ಇವತ್ತು ಚಲೋ ಅದೀನ್ರಿ. ತಿಂಗಳಾಗ ಹತ್ತು ದಿನ ಏಳಾಕ ಆಗಂಗಿಲ್ಲ" ಎಂದರು. ಎಕ್ಸ್‌ರೇ ಲಕೋಟೆಯಿಂದ ಹೊರಗೇ ಬರಲಿಲ್ಲ. ಮೂವತ್ತು ಎಂದು ಬರೆದರು.

ಆಮೇಲೆ ನನ್ನ ಸರದಿ. ನಾನು ಕುಂಟಿದೆ. ಮುಖ ಕಿವುಚಿ, ಗೋಡೆ ಹಿಡಿದು, ನರಳಿ ಕುಂಟಿದೆ. ಐವತ್ತು ಸಿಕ್ಕಿತು.

ಹೊರಗೆ ಬಂದಾಗ ನನ್ನ ಮೈಯೇ ನನಗೆ ಹೇಸಿಗೆಯಾಗಿತ್ತು. "ಮಾಸ್ತರ್ರೇ, ತಪ್ಪಾತ್ರಿ" ಎಂದೆ.

"ನೀ ಕುಂಟಿದ್ದಕ್ಕ ನಾ ಬಯ್ಯಂಗಿಲ್ಲ ತಮ್ಮಾ. ಕುಂಟಿಸಿದವರಿಗೆ ಬಯ್ತೀನಿ."

ಅವರು ಮತ್ತೆ ಅರ್ಜಿ ಹಾಕಿದರು. ಎರಡು ಸಲ ಕರೆದರು, ಎರಡು ಸಲವೂ ಡಾಕ್ಟರು ಬಂದಿರಲಿಲ್ಲ. ಮೂರನೆಯ ಸಲ ಕರೆಯುವುದರೊಳಗೆ ಕುರುಗೋಡಿನ ಮನೆಯಲ್ಲಿ ತಲೆನೋವೆಂದು ಮಲಗಿದವರು ಏಳಲಿಲ್ಲ. ಮಿದುಳಿನಲ್ಲಿ ರಕ್ತ ಸೋರಿತ್ತು. ಆಸ್ಪತ್ರೆಗೆ ಒಯ್ಯುವಾಗ ಬಳ್ಳಾರಿ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಮಾಸ್ತರರ ಹೊರತು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವರ ಹೆಂಡತಿಗೆ ಹೇಳಿದೆ: "ಅಕ್ಕಾ, ಅವತ್ತು ನಾ ಸುಳ್ಳು ಕುಂಟಿದೆ. ಅವ್ರು ಕುಂಟಲಿಲ್ಲ. ನನಗ ಸಿಕ್ತು, ಅವ್ರಿಗೆ ಸಿಗಲಿಲ್ಲ."



"ನನಗ ಗೊತ್ತೈತಪ್ಪಾ. ಅವತ್ತು ಸಂಜಿ ಮನಿಗೆ ಬರುವಾಗ ಜಿಲೇಬಿ ತಂದಿದ್ರು. ನಿಮ್ಮದು ಆತೇನ್ರಿ ಅಂತ ಕೇಳಿದೆ. ನಂದಿಲ್ಲ, ಹುಡುಗಂದು ಆತು ಅಂದ್ರು. ಓಣಿ ಮಂದಿಗೆಲ್ಲ ಹಂಚಿದ್ರು."