ಶಿಶುವಿಹಾರದ ಆಯಾ ಜೈಲಿಗೆ ಹೋದದ್ದು

ನೀರಿನ ಟ್ಯಾಂಕಿನ ಹಿಂದೆ ಎರಡು ಕೋಣೆಯ ಸರ್ಕಾರಿ ಶಿಶುವಿಹಾರವಿತ್ತು. ಅಲ್ಲಿನ ಆಯಾಳನ್ನು ಮಕ್ಕಳಿಂದ ಹಿಡಿದು ಅವರ ಅಜ್ಜಂದಿರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಳು ಮಾತ್ರ ಗಿಡ್ಡ; ನಾಲ್ಕು ವರ್ಷದವರ ನಡುವೆ ನಿಂತಾಗಷ್ಟೇ ದೊಡ್ಡವಳಾಗಿ ಕಾಣುತ್ತಿದ್ದಳು.

ಹಾಡು, ಬಣ್ಣ, ಎಣಿಕೆ ಟೀಚರಮ್ಮನದು. ಉಳಿದದ್ದೆಲ್ಲ ದೊಡ್ಡಕ್ಕನ ಪಾಲು: ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಕಿತ್ತುಕೊಂಡ ಆಟಿಕೆಯನ್ನು ವಾಪಸ್ ಕೊಡಿಸುವುದು.

ಒಂದು ವರ್ಷ ಮೂರೂವರೆ ವರ್ಷದ ಹುಡುಗಿಯೊಬ್ಬಳು ಸೇರಿದಳು. ಅಪ್ಪ ಬಿಟ್ಟುಹೋಗಿದ್ದ, ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಹುಡುಗಿ ಸಿಕ್ಕಸಿಕ್ಕವರನ್ನೆಲ್ಲ ಕಚ್ಚುತ್ತಿದ್ದಳು. ಮೊದಲ ವಾರದಲ್ಲೇ 'ಇಲಿಮರಿ' ಎಂಬ ಹೆಸರು ಬಿತ್ತು. ದೊಡ್ಡಕ್ಕ ಬೈಯಲಿಲ್ಲ. ಹಲ್ಲು ಕಡಿಯುವುದು ಕಂಡೊಡನೆ ಸೊಂಟದ ಮೇಲೆ ಎತ್ತಿಕೊಂಡು ಅಂಗಳ ಸುತ್ತುತ್ತ, "ಏನಾಯ್ತು ಪುಟ್ಟಿ, ಬಾಯಲ್ಲಿ ಹೇಳು" ಎನ್ನುತ್ತಿದ್ದಳು. ಐದು ತಿಂಗಳಲ್ಲಿ ದಿನಕ್ಕೆ ನಾಲ್ಕು ಸಲ ಕಚ್ಚುತ್ತಿದ್ದವಳು ವಾರಕ್ಕೊಮ್ಮೆಗೆ ಇಳಿದಳು.

ಅಷ್ಟರಲ್ಲಿ ಶಿಶುವಿಹಾರದ ಅನುದಾನ ನಿಂತಿತು. ದೊಡ್ಡಕ್ಕ ತಾಯಂದಿರಿಂದ ಸಹಿ ಹಾಕಿಸಿಕೊಂಡು ಚಪ್ಪಲಿ ಸವೆಯುವಂತೆ ಕಚೇರಿಗೆ ಅಲೆದಳು. ಅಧಿಕಾರಿ ಕೆಟ್ಟವನೇನಲ್ಲ. ಕೂರಿಸಿ, ನೀರು ಕೊಟ್ಟು ಹೇಳಿದ: "ಅಲ್ಲಿ ಮಕ್ಕಳು ಆಡ್ತಾವೆ ಅಷ್ಟೇ ತಾನೇ? ಆಟ ಮನೇಲೂ ಆಡ್ಬೋದಲ್ಲಮ್ಮ. ನಿಮ್ಮ ಹೊಟ್ಟೆ ಮೇಲೆ ಹೊಡೆಯಲ್ಲ, ಬೇರೆ ಕಡೆ ಹಾಕ್ತೀವಿ."

ಶಿಶುವಿಹಾರ ಮುಚ್ಚಿತು. ಅವಳನ್ನು ಹಾಕಿದ್ದು ಹೆಂಗಸರ ಜೈಲಿಗೆ. ಕಾವಲಿನ ಕೆಲಸ.

ಅಲ್ಲಿ ಹದಿನಾರು ವರ್ಷ ಕಳೆಯಿತು. ಗೇಟು ದಾಟಿ ಬರುವ ಪ್ರತಿ ಎಳೆಯ ಮುಖವನ್ನೂ ಅವಳು ಅಳುಕುತ್ತಲೇ ನೋಡುತ್ತಿದ್ದಳು. ಶಿಶುವಿಹಾರದಲ್ಲಿ ಎರಡು ವರ್ಷ ಪೂರ್ತಿ ಕಳೆದವರಲ್ಲಿ ಒಬ್ಬಳೂ ಬರಲಿಲ್ಲ. ಬಂದವಳು ಇಲಿಮರಿ. ಬೀದಿ ನಲ್ಲಿಯ ಹತ್ತಿರ ಜಗಳವಾಗಿ ಪಕ್ಕದ ಮನೆಯವಳಿಗೆ ಒಡೆದ ಬಾಟಲಿಯಿಂದ ಇರಿದಿದ್ದಳು. ಆಕೆಯ ಒಂದು ಕಣ್ಣೇ ಹೋಗಿತ್ತು. ಮುಖ ನೋಡಿ ದೊಡ್ಡಕ್ಕನಿಗೆ ಗುರುತು ಹತ್ತಲಿಲ್ಲ. ಭೇಟಿಯ ದಿನ ತಾಯಿಯನ್ನು ದೂರದಿಂದ ಕಂಡಾಗಲೇ ಇವಳು ಯಾರೆಂದು ತಿಳಿದದ್ದು.

ಸಂಜೆ ಹುಡುಗಿಯ ಪಕ್ಕ ಕೂತು, "ನಿನ್ನ ಎತ್ತಿ ಆಡಿಸಿದೀನಿ ಕಣೇ" ಎಂದಳು.

"ಬೇರೆ ಯಾರನ್ನೋ ಅಂದ್ಕೊಂಡಿದೀರಿ," ಎಂದಳು ಹುಡುಗಿ. "ನನ್ನ ಯಾರೂ ಎತ್ತಿಲ್ಲ."

ಆ ವರ್ಷವೇ ಜೈಲಿಗೆ ಹೊಸ ಕಟ್ಟಡ ಮಂಜೂರಾಯಿತು. ದೊಡ್ಡಕ್ಕ ಧೈರ್ಯ ಮಾಡಿ ಸೂಪರಿಂಟೆಂಡೆಂಟರ ಮುಂದೆ ನಿಂತಳು. "ಸಾರ್, ಇದ್ರಲ್ಲಿ ಒಂದು ಕೋಣೆ ದುಡ್ಡಿದ್ರೆ ನಮ್ಮ ಶಿಶುವಿಹಾರ ಎಷ್ಟೋ ವರ್ಷ ನಡೀತಿತ್ತು."

"ಅದು ಬೇರೆ ಇಲಾಖೆ ದೊಡ್ಡಕ್ಕ. ನನ್ನ ಕೈಯಲ್ಲೇನಿದೆ?"

ಸುಳ್ಳಲ್ಲ, ಅವರ ಕೈಯಲ್ಲೂ ಏನೂ ಇರಲಿಲ್ಲ. ಇನ್ನೊಂದು ವರ್ಷ ಸಿಕ್ಕಿದ್ದರೆ ಹುಡುಗಿ ಸರಿಹೋಗುತ್ತಿದ್ದಳೆಂದು ದೊಡ್ಡಕ್ಕನೂ ಎದೆ ಮುಟ್ಟಿ ಹೇಳಲಾರಳು. ಸರಿಹೋಗುತ್ತಿದ್ದಳೇನೋ.

ಹುಡುಗಿಗೆ ಏಳು ವರ್ಷ ಶಿಕ್ಷೆಯಾಯಿತು. ತೀರ್ಪಿನ ಮರುವಾರ ತಾಯಿ ಬಂದಳು. ಮಗಳು ಭೇಟಿಗೆ ಬರಲು ಒಪ್ಪಲಿಲ್ಲ. ಜಾಲರಿ ಹಿಡಿದು ನಿಂತ ತಾಯಿ ಕಾವಲಿನವಳ ಮುಖವನ್ನೇ ದಿಟ್ಟಿಸಿದಳು.

"ನೀವು ದೊಡ್ಡಕ್ಕ ಅಲ್ವಾ? ಅವಳು ನಿಮ್ಮಲ್ಲಿ ಚೆನ್ನಾಗಿದ್ಲು. ಯಾಕಕ್ಕ ಮುಚ್ಚಿಬಿಟ್ರಿ?"

ತಾನು ಮುಚ್ಚಲಿಲ್ಲ ಎನ್ನಲು ದೊಡ್ಡಕ್ಕ ಬಾಯಿ ತೆರೆದಳು. ಮೈಮೇಲೆ ಸರ್ಕಾರದ ಸಮವಸ್ತ್ರವಿತ್ತು. ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯಿತು. ಬಂದವರನ್ನು ಹೊರಗೆ ಕಳಿಸುವುದು ಅವಳದೇ ಕೆಲಸ. ಕಳಿಸಿದಳು.