ತೆರೆದೇ ಉಳಿದ ಪರದೆ

ಬೋರಗಾಂವದ ಹುಡುಗಿ ಸುಗಂಧಾ, ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆ ಸೇರಿದ್ದು ೧೯೯೩ರಲ್ಲಿ. ಅಲ್ಲಿ ಒಂದು ದೊಡ್ಡ ಯಂತ್ರ, ಅದಕ್ಕೆ ತಂತಿ ಜೋಡಿಸಿದ ಐದು ಪರದೆ. ಐವರು ಗುಮಾಸ್ತರೂ, ಯಾವ ರೈತರ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿಯ ಒಂದೇ ಪಟ್ಟಿಯನ್ನು ತಿದ್ದುತ್ತಿದ್ದರು. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಯಂತ್ರದೊಳಗೆ ಯಾರ ಹೆಸರಿದೆ ಎಂದು ನೋಡುತ್ತಿರುವುದು, ಪರದೆ ತೆರೆದಿಟ್ಟು ಎದ್ದುಹೋದವರ ಹೆಸರಲ್ಲಿ ಬೇರೆಯವರು ಕೈಯಾಡಿಸದಂತೆ ಅವರನ್ನು ತನ್ನ ಮೇಜಿನಿಂದಲೇ ಯಂತ್ರದಿಂದ ಹೊರಹಾಕುವುದು ಸುಗಂಧಾಳ ಕೆಲಸ. ಹೊರಹಾಕಿದರೆ ಅರ್ಧ ಬರೆದದ್ದು ಅಳಿಸಿಹೋಗುತ್ತಿತ್ತು. ಹಿರಿಯರು ಸಿಡಿಮಿಡಿಗೊಳ್ಳುತ್ತಿದ್ದರು. ಹೀಗಾಗಿ ಅವಳು ಒಮ್ಮೊಮ್ಮೆ ನೋಡಿಯೂ ಸುಮ್ಮನಿರುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ಮುಗಳಖೋಡದ ರೈತ ಹೆಂಗಸು ಕಾಳವ್ವ ಕಿಟಕಿಗೆ ಬಂದಳು.

"ತಂಗಿ, ಮೊನ್ನೆ ನಂದು ಹನ್ನೊಂದನೇ ಪಾಳಿ ಇತ್ತು. ಈಗ ನೂರಾ ನಲವತ್ತು ಅಂತಾರ! ಕಬ್ಬು ಹೂ ಬಿಟ್ಟು ಒಣಗಾಕತ್ತೈತಿ."

ಯಂತ್ರದಲ್ಲಿ ನೋಡಿದರೆ, ಹಿಂದಿನ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪಾಳಿ ಬದಲಾಗಿತ್ತು. ಬದಲಿಸಿದವರ ಹೆಸರು ಐವರು ಗುಮಾಸ್ತರಲ್ಲಿ ಒಬ್ಬನಾದ ಮುರಗೆಪ್ಪನದು.

"ನಾ ಮುಟ್ಟಿಲ್ರಿ ಸಾಹೇಬ್ರ," ಎಂದು ಮುರಗೆಪ್ಪ ಎಷ್ಟು ಹೇಳಿದರೂ ಮ್ಯಾನೇಜರ್ ಆಬಾಸಾಹೇಬ ಕೇಳಲಿಲ್ಲ. ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿಬಿಟ್ಟರು.

ಸುಗಂಧಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪಾಳಿ ಬದಲಾದ ಹೊತ್ತಿಗೆ ಮುರಗೆಪ್ಪ ಅವಳ ಪಕ್ಕದಲ್ಲೇ ಇದ್ದ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸಲು ಅವಳೇ ಕರೆದಿದ್ದಳು. ಅವನ ಪರದೆ ತೆರೆದಿರುವುದು ಗೊತ್ತಿದ್ದೂ, ಎರಡು ನಿಮಿಷದ ಮಾತು ಎಂದು ಬಿಟ್ಟಿದ್ದಳು. ಅದು ಅರ್ಧ ತಾಸು ಹಿಡಿದಿತ್ತು. ಈಗ ಬಾಯಿ ಬಿಟ್ಟರೆ ತನ್ನ ನೌಕರಿಗೇ ಸಂಚಕಾರ. ಬಾಯಾರದಿದ್ದರೂ ಮೂರು ಸಲ ನೀರು ಕುಡಿದು ಬಂದಳು. ಮನೆಯಲ್ಲಿ ತಾಯಿ ರಾಜಮತಿ, "ಯಾಕ ಹಿಂಗ ಒಳಗ ಹೊರಗ ತಿರಗಾಡಾಕತ್ತಿ?" ಎಂದು ಕೇಳಿಯೇಬಿಟ್ಟಳು.

ಮರುದಿನ ನೇರ ಮ್ಯಾನೇಜರರ ಕೋಣೆಗೆ ಹೋದಳು.

"ಸಾಹೇಬ್ರ, ಆವಾಗ ಮುರಗೆಪ್ಪಣ್ಣ ನನ್ನ ಬಾಜೂಕ ಇದ್ರು. ಅವರ ಪರದೆ ತೆರದೈತಿ ಅಂತ ಗೊತ್ತಿದ್ರೂ ನಾ ಬಂದ್ ಮಾಡ್ಲಿಲ್ರಿ."

"ನಿನ್ನೆನ ಯಾಕ ಹೇಳ್ಲಿಲ್ಲ?"

"ಅಂಜಿದ್ನಿರಿ."

ಮುರಗೆಪ್ಪ ಮರಳಿ ಬಂದ. ಕಾಳವ್ವನಿಗೆ ಹಳೆಯ ಪಾಳಿ ಮರಳಿ ಸಿಕ್ಕು, ಕಬ್ಬು ನಾಲ್ಕನೇ ದಿನ ಗಾಡಿ ಏರಿತು. ಮುರಗೆಪ್ಪನ ಕುರ್ಚಿಯಲ್ಲಿ ಕುಳಿತು ಪಾಳಿ ಬದಲಿಸಿದವರು ಯಾರೆಂಬುದು ಮಾತ್ರ ಕಡೆಗೂ ತಿಳಿಯಲಿಲ್ಲ. ಸುಗಂಧಾಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಐದು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಯಂತ್ರವೇ ಹೊರಹಾಕುವಂತೆ ಅವಳು ಏರ್ಪಾಟು ಮಾಡಿದಳು. ಎಲ್ಲರೂ ಗೊಣಗಿದರು, ಮುರಗೆಪ್ಪ ಎಲ್ಲರಿಗಿಂತ ಜಾಸ್ತಿ.

"ಒಂದು ಚಾ ಕುಡಿಯೂದ್ರಾಗ ಹೊರಗ ದಬ್ಬತೈತಲ್ರಿ, ಮೇಡಮ್ರ!"

ಅವಳು ನಕ್ಕಳು. ಆದರೆ ಅಷ್ಟರಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು; ಅವಳ ಕಣ್ಣು ಆಗಲೇ ಆ ಕಡೆಯ ಪರದೆಗೆ ಹೋಗಿತ್ತು.