ಮಹೇಶ್ವರಪ್ಪನವರ ಮಗಳ ಮುಟ್ಟು

ಸೊಕ್ಕೆಯ ಹತ್ತಿರದ ಆ ಊರಿನಲ್ಲಿ ಹೆಣ್ಣುಮಕ್ಕಳ ತಿಂಗಳ ವಿಷಯಕ್ಕೆ ನಾಲ್ಕೈದು ಹೆಸರಿದ್ದವು. ಹೊರಗಾಗ್ಯಾಳೆ ಎನ್ನುವವರಿದ್ದರು, ಕಡೆಗೆ ಕುಂತಾಳೆ ಎನ್ನುವವರಿದ್ದರು, ಕಾಗೆ ಮುಟ್ಟೈತೆ ಎಂದು ಪಾಪದ ಕಾಗೆಯ ಮೇಲೆ ಹಾಕುವವರೂ ಇದ್ದರು. ಮುಟ್ಟು ಎಂದು ನೇರವಾಗಿ ಅನ್ನಲು ಎಲ್ಲರ ನಾಲಿಗೆಯೂ ತಡವರಿಸುತ್ತಿತ್ತು. ತಡವರಿಸದೆ ಇದ್ದವರು ಒಬ್ಬರೇ, ಕೊಟ್ರಮ್ಮನ ಅಪ್ಪ ಮಹೇಶ್ವರಪ್ಪನವರು.

ಅವರದು ಜೋಳ, ಶೇಂಗಾ ಬೆಳೆಯುವ ಮಳೆಯಾಶ್ರಯದ ಹೊಲ. ಕಸುಬು ಒಕ್ಕಲುತನವಾದರೂ ಚಟ ಮಾತಿನದು. ಸೋಮವಾರ ಸಂಜೆ ಮಠದ ಜಗಲಿಯ ಮೇಲೆ ಕುಳಿತು ಶರಣರ ತತ್ವ ಹೇಳಲು ಶುರು ಮಾಡಿದರೆ ಕೇಳುವವರು ಬೀಡಿ ಹಚ್ಚುವುದನ್ನೂ ಮರೆಯುತ್ತಿದ್ದರು. ಸೂತಕಗಳು ಐದು, ಮುಟ್ಟೂ ಅದರಲ್ಲೊಂದು, ಲಿಂಗ ಕಟ್ಟಿದವರಿಗೆ ಐದೂ ಇಲ್ಲ ಎಂಬುದು ಅವರ ಮೆಚ್ಚಿನ ವಿಷಯ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೊಟ್ರಮ್ಮ ಮೈನೆರೆದಾಗ ಓಣಿಯ ಹೆಂಗಸರು ಅವಳನ್ನು ಹೊರಗೆ ಕೂರಿಸಲು ಅಂಗಳದಲ್ಲಿ ಗುಡ್ಲು ಹಾಕಲೆಂದು ಹಸಿರು ಸೊಪ್ಪು ಹೊತ್ತು ತಂದರು. ಮಹೇಶ್ವರಪ್ಪನವರು ಅದನ್ನು ದನಗಳ ಮುಂದೆ ಹಾಕಿಸಿದರು. ಆಮೇಲೆ ನಡುಮನೆಯಲ್ಲಿ ನಿಂತು, ಹೆಂಡತಿ ಹಾಲಮ್ಮನಿಗೆ ಹೇಳುವಂತೆ ಮಗಳಿಗೆ ಕೇಳಿಸಿದರು:

“ಋತು ಅಂದ್ರೇನು? ಮಳೆಗಾಲ, ಚಳಿಗಾಲ ಇದ್ದಂಗೆ ಒಂದು ಕಾಲ. ರಜಸ್ಸು ಅಂದ್ರೇನು? ಹೂವಿನಾಗಿರೋ ಧೂಳಿಗೂ ರಜ ಅಂತಲೇ ಅಂತಾರೆ. ಇನ್ನು ಮುಟ್ಟು. ಮುಟ್ಟಬ್ಯಾಡ ಅನ್ನಾಕೆ ಶುರು ಮಾಡಿದ ಜನ ಅದಕ್ಕೇ ಮುಟ್ಟು ಅಂತ ಹೆಸರಿಟ್ರು. ಮಾತು ಹುಟ್ಟಿದ್ದು ಮೈಯಿಂದಲ್ಲ, ಮಂದಿಯ ಅಂಜಿಕೆಯಿಂದ. ನನ್ನ ಮಗಳಿಗೆ ಯಾವ ಅಂಜಿಕೆನೂ ಬ್ಯಾಡ. ಲಿಂಗ ಮೈಮೇಲೆ ಇದ್ದಂಗೇ ಇರ್ಲಿ, ಪೂಜೆ ಒಂದು ದಿನಾನೂ ತಪ್ಪೋದು ಬ್ಯಾಡ.”

ಆ ಕಾಲದಲ್ಲಿ ಯಾವ ಅಪ್ಪ ಮಗಳ ಕಿವಿಗೆ ಇಂಥ ಮಾತು ಹಾಕುತ್ತಿದ್ದ? ಒಳಕೋಣೆಯ ಬಾಗಿಲ ಹಿಂದೆ ಕೊಟ್ರಮ್ಮ ನಾಚಿ ನೀರಾದಳು, ಜೊತೆಗೆ ಹೆಮ್ಮೆಯಿಂದ ಉಬ್ಬಿಯೂ ಹೋದಳು. ಗೆಳತಿಯರು ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕೂರುವ ದಿನಗಳಲ್ಲಿ ಅವಳು ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ, ರೊಟ್ಟಿ ತಟ್ಟಲು ಕೂರುತ್ತಿದ್ದಳು. ಅಪ್ಪ ಅಂದರೆ ಅವಳಿಗೆ ಊರಿನ ಎಲ್ಲ ಗಂಡಸರಿಗಿಂತ ಒಂದು ಕೈ ಎತ್ತರ.

ಎಪ್ಪತ್ತೈದರಲ್ಲಿ ಮದುವೆಯಾಗಿ ತ್ಯಾವಣಿಗೆಗೆ ಬಂದಳು. ಗಂಡ ಜಯದೇವಪ್ಪ ಅಡಿಕೆ ಬೆಳೆದು ಮಾರುವವನು, ತಾಯಿಯ ಮಾತಿಗೆ ತಲೆಯಾಡಿಸುವುದು ಮಾತ್ರ ಗೊತ್ತಿದ್ದವನು. ಅತ್ತೆ ಸಿದ್ದಲಿಂಗಮ್ಮನ ಕೊರಳಲ್ಲೂ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿತ್ತು. ಇದ್ದರೇನು, ಅಡಿಕೆ ಬೇಯಿಸುವ ಮನೆಯ ಕಾನೂನೇ ಬೇರೆ. ಸುಲಿದ ಕಾಯಿ ಹಂಡೆಯಲ್ಲಿ ಬೆಂದು ಬಿಡುವ ಕೆಂಪು ನೀರನ್ನು ಚೊಗರು ಎನ್ನುತ್ತಾರೆ. ಅಡಿಕೆಗೆ ಬಣ್ಣ ಬರುವುದು ಅದರಿಂದ. ಹೊರಗಾದವಳ ನೆರಳು ಬಿದ್ದರೆ ಚೊಗರು ಕೆಡುತ್ತದೆ ಎಂದು ಸಿದ್ದಲಿಂಗಮ್ಮ ನಂಬಿದ್ದಳು.

ಮೊದಲ ತಿಂಗಳೇ ಅತ್ತೆ ಹಿತ್ತಲ ಕೊಟ್ಟಿಗೆ ತೋರಿಸಿದಳು. ಒಂದು ಚಾಪೆ, ಒಂದು ಅಲ್ಯೂಮಿನಿಯಂ ತಟ್ಟೆ.

“ಲಿಂಗ ತೆಗೆದು ಗೂಡಿನಾಗೆ ಇಡು. ನಾಲ್ಕನೇ ದಿನ ನೀರು ಹಾಕ್ಕೊಂಡು ಕಟ್ಟಿಕೊಂಡ್ರಾತು.”

“ಲಿಂಗ ತೆಗೆಯಲ್ಲ ಅತ್ತೆ,” ಎಂದಳು ಕೊಟ್ರಮ್ಮ. “ಕೊಟ್ಟಿಗ್ಯಾಗೆ ಬೇಕಾದ್ರೆ ಕುಂದರ್ತೀನಿ, ಲಿಂಗ ಮಾತ್ರ ತೆಗೆಯಲ್ಲ. ನಮ್ಮ ಅಪ್ಪಾಜಿ ಹೇಳ್ಯಾರೆ.”

ಈ ಅಪ್ಪಾಜಿ ಹೇಳ್ಯಾರೆ ಎಂಬ ಮಾತು ಆ ಮನೆಯಲ್ಲಿ ಒಂದು ವರ್ಷ ನಡೆಯಿತು. ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ತಂಬಿಗೆ ನೀರಿಟ್ಟುಕೊಂಡು ಅವಳು ಪೂಜೆ ಮಾಡುತ್ತಿದ್ದಳು. ಅತ್ತೆ ನೋಡಿ ನೋಡಿ ಹಲ್ಲು ಕಡಿಯುತ್ತಿದ್ದಳು. ಮರುವರ್ಷದ ಕೊಯ್ಲಿನಲ್ಲಿ ಎರಡು ಹಂಡೆ ಅಡಿಕೆಗೆ ಬಣ್ಣ ಹತ್ತಲಿಲ್ಲ. ಅಡಿಕೆ ಗೊನೆ ಇಳಿಸುವುದು ತಡವಾಗಿ ಹಣ್ಣಾದ ಕಾಯಿ ಬೆರೆತಿದ್ದವು, ಅದು ಸುಲಿಯುವ ಆಳುಗಳಿಗೂ ಗೊತ್ತಿತ್ತು. ಆದರೆ ಸಿದ್ದಲಿಂಗಮ್ಮನಿಗೆ ಬೇಕಾಗಿದ್ದ ಕಾರಣ ಕೊಟ್ಟಿಗೆಯಲ್ಲಿ ಕುಳಿತಿತ್ತು. “ನಿಮ್ಮಪ್ಪನೇ ಬರ್ಲಿ, ತೀರ್ಮಾನ ಆಗ್ಲಿ” ಎಂದು ಸೊಸೆಯ ತವರಿಗೆ ಹೇಳಿ ಕಳಿಸಿದಳು.

ಕೊಟ್ರಮ್ಮನಿಗೆ ಹಬ್ಬ ಬಂದಷ್ಟು ಸಂತೋಷವಾಯಿತು. ಅಪ್ಪ ಬರುತ್ತಾರೆ, ನಡುಮನೆಯಲ್ಲಿ ನಿಂತು ಒಂದೊಂದು ಮಾತನ್ನೂ ಬಿಡಿಸಿ ಇಡುತ್ತಾರೆ, ಅತ್ತೆಯ ಬಾಯಿ ಕಟ್ಟುತ್ತದೆ. ಅಪ್ಪ ಹೇಳಬಹುದಾದದ್ದನ್ನೆಲ್ಲ ಅವಳು ಪಾತ್ರೆ ತಿಕ್ಕುತ್ತ ಮನಸ್ಸಿನಲ್ಲೇ ಹೇಳಿಕೊಂಡಳು.

ಮಹೇಶ್ವರಪ್ಪನವರು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದರು. ಮಂಡಕ್ಕಿ ತಿಂದರು, ಚಹಾ ಕುಡಿದರು, ಬೀಗಿತಿಯ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ನಡುವೆ ಸಿದ್ದಲಿಂಗಮ್ಮ ಹೊನ್ನಾಳಿಯಲ್ಲಿದ್ದ ತನ್ನ ಅಣ್ಣನ ಮಗನ ಸುದ್ದಿ ತೆಗೆದಳು. ಕೊಟ್ರಮ್ಮನ ತಂಗಿ ಪ್ರೇಮಳನ್ನು ಅವನಿಗೆ ಕೇಳುವ ಮಾತು ಆಗಲೇ ಅರ್ಧ ಮುಗಿದಿತ್ತು.

“ಅಣ್ಣ ಕೇಳ್ತಾನೆ ನೋಡ್ರಿ ಬೀಗರೇ, ಅಕ್ಕ ಹಿಂಗೆ ಅಂದಮ್ಯಾಲೆ ತಂಗಿ ಹೆಂಗೋ ಅಂತ.”

ಮಹೇಶ್ವರಪ್ಪನವರು ಲೋಟ ಕೆಳಗಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು. ಮುಖ ತಿರುಗಿತು, ಕಣ್ಣು ಮಾತ್ರ ಅವಳವರೆಗೆ ಬರಲಿಲ್ಲ.

“ಹೊಂದಿಕೊಂಡು ಹೋಗವ್ವ. ಕೊಟ್ಟ ಮನಿ ಪದ್ಧತಿ ಹೆಂಗೈತೋ ಹಂಗೆ.”

“ಅಪ್ಪಾಜಿ, ನೀವೇ ಹೇಳಿದ್ರಲ್ಲ?”

“ಮಠದಾಗೆ ಹೇಳೋದು ಬ್ಯಾರೆ, ಸಂಸಾರ ಬ್ಯಾರೆ. ಮೂರು ದಿನ ಲಿಂಗ ಗೂಡಿನಾಗಿದ್ರೆ ಆಕಾಶ ಏನೂ ಬೀಳಲ್ಲ.”

ಅತ್ತೆಯ ಮಾತಿಗೆ ಒಂದು ವರ್ಷ ಬಗ್ಗದವಳು ಅಪ್ಪನ ಒಂದು ಮಾತಿಗೆ ಕುಸಿದು ಹೋದಳು. ಅವರು ಸಂಜೆಯ ಬಸ್ಸು ಹತ್ತುವ ಮೊದಲೇ, ಅವರ ಕಣ್ಣೆದುರೇ, ಕೊರಳಿನ ಶಿವದಾರ ತೆಗೆದು ಕರಡಿಗೆಯನ್ನು ಗೂಡಿನಲ್ಲಿಟ್ಟಳು. ಅಂದು ಅವಳ ಮುಟ್ಟಿನ ದಿನವೂ ಆಗಿರಲಿಲ್ಲ. ಮಹೇಶ್ವರಪ್ಪನವರು ಚಪ್ಪಲಿ ಹುಡುಕುವವರಂತೆ ಬಗ್ಗಿ ಹೊರಟುಹೋದರು.

ಪ್ರೇಮಳ ಮದುವೆ ಹೊನ್ನಾಳಿಯಲ್ಲಿ ಜೋರಾಗಿಯೇ ಆಯಿತು. ಆ ಮನೆಯಲ್ಲಿ ಮುಟ್ಟು, ಮೈಲಿಗೆ ಎಂದು ಯಾರೂ ಕೇಳುತ್ತಲೇ ಇರಲಿಲ್ಲ. ಪ್ರೇಮ ತಿಂಗಳ ಮೂವತ್ತು ದಿನವೂ ಒಲೆ ಮುಂದೆ, ಪೂಜೆ ಮುಂದೆ ಇದ್ದಳು. ತಂಗಿ ಇದನ್ನು ನಗುನಗುತ್ತ ಹೇಳಿದ ದಿನ ಕೊಟ್ರಮ್ಮ ನಗಲಿಲ್ಲ.

ಅಂದಿನಿಂದ ಅವಳೊಂದು ಥರದವಳಾದಳು. ಅತ್ತೆ ಒಂದು ಚಾಪೆ ಕೊಟ್ಟರೆ, ಅದೂ ಬೇಡ ಎಂದು ಗೋಣಿ ಹಾಸಿಕೊಂಡಳು. ಮೂರು ದಿನ ಸಾಕು ಎಂದರೆ ನಾಲ್ಕು ದಿನ ಕೂತಳು. ಅಪ್ಪ ವರ್ಷಕ್ಕೊಮ್ಮೆ ಬಂದರೆ ಬಡಿಸಿದಳು, ಕೇಳಿದ್ದಕ್ಕೆ ಹೂಂ ಎಂದಳು, ಅಷ್ಟೇ. ಎಂಬತ್ತಮೂರರಲ್ಲಿ ಸಿದ್ದಲಿಂಗಮ್ಮ ತೀರಿಕೊಂಡಳು. “ಇನ್ನು ಒಳಗೇ ಇರೇ, ಈಗ ಯಾರು ಕೇಳ್ತಾರೆ?” ಎಂದು ಜಯದೇವಪ್ಪ ಮೊದಲ ಸಲ ಸ್ವಂತ ಬುದ್ಧಿಯ ಮಾತಾಡಿದ. ಕೊಟ್ರಮ್ಮ ಗೋಣಿ ಕೊಡವಿಕೊಂಡು ಕೊಟ್ಟಿಗೆಗೆ ನಡೆದಳು. ಯಾರ ಮೇಲಿನ ಸಿಟ್ಟಿಗೆ ಯಾರನ್ನು ಸುಡುತ್ತಿದ್ದಾಳೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎಂಬತ್ತಾರರಲ್ಲಿ ಮಹೇಶ್ವರಪ್ಪನವರು ಸತ್ತ ಸುದ್ದಿ ಬಂದದ್ದು ಅವಳ ಮುಟ್ಟಿನ ಎರಡನೆಯ ದಿನ. ಗಂಡ, “ಯಾರಿಗೂ ಹೇಳಬ್ಯಾಡ, ಸುಮ್ಮನೆ ಬಾ” ಎಂದು ಬಸ್ಸು ಹತ್ತಿಸಿದ. ಊರಿನ ಮನೆಯ ಜಗಲಿಯ ಮೇಲೆ ಅಪ್ಪನನ್ನು ವಿಭೂತಿ ಬಳಿದು, ಹೂ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ದಾರಿ ಬಿಟ್ಟರು. ಹಾಲಮ್ಮ ಕೈಚಾಚಿ ಕರೆದಳು.

“ಬಾರೇ ಕೊಟ್ರಿ. ಪಾದ ಮುಟ್ಟಿ ನಮಸ್ಕಾರ ಮಾಡು.”

ಕೊಟ್ರಮ್ಮ ಅಂಗಳ ದಾಟಲಿಲ್ಲ. ಅಷ್ಟು ಜನ ಗಂಡಸರ ನಡುವೆ, ದನಿ ಎತ್ತಿ ಹೇಳಿದಳು:

“ನಾನು ಮುಟ್ಟಾಗೀನಿ. ಮುಟ್ಟಂಗಿಲ್ಲ.”

ಭಜನೆಯ ತಾಳ ನಿಂತಿತು. ಹಾಲಮ್ಮ ಕಣ್ಣೊರೆಸಿಕೊಂಡು, “ನಮ್ಮ ಮನ್ಯಾಗೆ ಅದೆಲ್ಲ ಎಲ್ಲೈತೆ? ಇಡೀ ಊರಿಗೆ ಬುದ್ಧಿ ಹೇಳಿದ ಮನುಷ್ಯ ನಿಮ್ಮಪ್ಪ” ಎಂದಳು.

“ಊರಿಗೆ ಹೇಳಿದ್ರು. ನನಗೆ ಬ್ಯಾರೆ ಹೇಳಿದ್ರು.”

ಬೇವಿನ ಮರದ ಕೆಳಗೆ ಅವಳು ನಿಂತೇ ಇದ್ದಳು. ಪ್ರೇಮ ಅಪ್ಪನ ಪಾದ ತಬ್ಬಿ ಅತ್ತಳು, ಮೊಮ್ಮಕ್ಕಳು ಹೂ ಹಾಕಿದರು. ಹೊಲದಲ್ಲಿ ಗುಣಿಗೆ ಇಳಿಸಿದಾಗ ಎಲ್ಲರೂ ಹಿಡಿ ಮಣ್ಣು ಹಾಕಿದರು. ಕೊಟ್ರಮ್ಮ ಬದುವಿನ ಮೇಲೆ ಕೈಕಟ್ಟಿಕೊಂಡು ನೋಡಿದಳು. ಹತ್ತು ವರ್ಷದ ಸಿಟ್ಟು ತೀರಿತು ಎಂದುಕೊಂಡಳು. ಒಳಗೆ ಸಮಾಧಾನ ಮಾತ್ರ ಎಲ್ಲೂ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಹಾಲಮ್ಮ ಅಡುಗೆಮನೆಯಲ್ಲಿ ಎಲ್ಲರ ಸಾಲಿನಲ್ಲೇ ಅವಳಿಗೂ ತಟ್ಟೆ ಹಾಕಿದಳು. ಕೊಟ್ರಮ್ಮ ಆ ತಟ್ಟೆ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋಗಿ, ಒಬ್ಬಳೇ ಕುಳಿತು ಅನ್ನ ಕಲೆಸಿದಳು. ಹಾಲಮ್ಮ ಬಾಗಿಲವರೆಗೆ ಬಂದು ನಿಂತಳು.

“ನಿಮ್ಮಪ್ಪನ್ನ ಸೋಲಿಸಿದೆ ಅಂದ್ಕೊಂಡೀಯೇನೇ?” ಎಂದಳು. “ಗೆದ್ದಾಕಿ ನಿಮ್ಮತ್ತೆ. ಸತ್ತಮ್ಯಾಲೂ ನಿನ್ನ ಕೈಲೇ ಗೆದ್ದಳು.”